ಡಿಸೆಂಬರ್ ರಜೆಗೆ ನಾಯಿ ಜೊತೆ ಶಿರಸಿ, ಗೋಕರ್ಣ: ರೈಲೋ, ಬಸ್ಸೋ, ಕಾರೋ?

ಕರಿಯನ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ. ನಾನು, ನನ್ನ ಗಂಡ, ಕರಿಯ. ಕರಿಯ ನಾಡು ನಾಯಿ, ನಾಲ್ಕು ವರ್ಷದವನು, 18 ಕೆಜಿ. ಇಲ್ಲಿಯವರೆಗೆ ನಾವು ಊರಿಗೆ ಹೋದಾಗಲೆಲ್ಲ ಅವನನ್ನು ಬೋರ್ಡಿಂಗಿನಲ್ಲಿ ಬಿಡುತ್ತಿದ್ದೆವು. ಅಲ್ಲಿ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ದೂರು ಏನಿಲ್ಲ. ಆದರೆ ವಾಪಸ್ ಕರೆದುಕೊಂಡು ಬಂದ ಮೇಲೆ ಇವನು ನಮ್ಮ ಮುಖ ನೋಡುವುದಿಲ್ಲ. ತಟ್ಟೆಗೆ ಅನ್ನ ಹಾಕಿದರೆ ನಾವು ಅಡುಗೆಮನೆ ದಾಟಿ ಹೋಗುವವರೆಗೂ ಮುಟ್ಟುವುದಿಲ್ಲ. ಈ ಸಲ ಡಿಸೆಂಬರ್ ರಜೆಗೆ ಅವನನ್ನೂ ಕರೆದುಕೊಂಡೇ ಹೋಗುವುದು ಅಂತ ತೀರ್ಮಾನ ಆಗಿದೆ.

ಹೋಗುವುದು ಎರಡು ಕಡೆ. ಮೊದಲು ಶಿರಸಿ-ಸಿದ್ದಾಪುರದ ನಡುವೆ ಗಂಡನ ಸೋದರತ್ತೆ ಮನೆ, ಅಡಿಕೆ ತೋಟದವರು. ಅಲ್ಲಿಂದ ಗೋಕರ್ಣ. ಸ್ವಂತ ಕಾರಿಲ್ಲ. ಗಂಡನಿಗೆ ಓಡಿಸಲು ಬರುತ್ತದೆ, ಬೇಕಾದರೆ ಬಾಡಿಗೆಗೆ ತೆಗೆದುಕೊಳ್ಳಬಹುದು. ಆದರೆ ಕರಿಯನಿಗೆ ಸಿಟಿಯೊಳಗೆ ಕಾರು ಪರವಾಗಿಲ್ಲ, ತಿರುವು ಬಂತು ಅಂದರೆ ಜೊಲ್ಲು ಶುರು. ನಂದಿ ಬೆಟ್ಟದ ರಸ್ತೆಯಲ್ಲಿ ಪೂರ್ತಿ ವಾಂತಿ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ರೈಲಿನಲ್ಲಿ ನಾಯಿಗೂ ಒಂದು ಟಿಕೆಟ್ ತೆಗೆದರೆ ಆಯ್ತಲ್ಲ ಅಂತಾರೆ ಮಾವ. ಸರ್ಕಾರಿ ಬಸ್ಸಿನಲ್ಲಿ ಕೋಳಿನೇ ಹೋಗುತ್ತೆ, ನಾಯಿ ಹೋಗಲ್ವಾ ಅಂತ ಅತ್ತೆ. ನನ್ನ ತಮ್ಮನಂತೂ ಗೋವಾಕ್ಕೆ ಹಾರಿಬಿಡಿ, ಅಲ್ಲಿಂದ ಗೋಕರ್ಣ ಹತ್ತಿರ ಅಂತಾನೆ. ಯಾರೂ ನಾಯಿ ಕರೆದುಕೊಂಡು ಹೋದವರಲ್ಲ! ನಿಜವಾಗಿ ಗೊತ್ತಿದ್ದವರು ಹೇಳಿ. ದುಡ್ಡು ಸ್ವಲ್ಪ ಜಾಸ್ತಿ ಆದರೂ ಸರಿ, ಅವನಿಗೆ ಹಿಂಸೆ ಆಗಬಾರದು.

ದಾವಣಗೆರೆ ಎಕ್ಸ್‌ಪ್ರೆಸ್:

ನಿಮ್ಮ ಅತ್ತೆ ಹೇಳಿದ್ದು ಸುಳ್ಳಲ್ಲ. ಕೆಎಸ್‌ಆರ್‌ಟಿಸಿಯಲ್ಲಿ ನಾಯಿಗೆ ಅವಕಾಶ ಇದೆ. ಮೊದಲು ದೊಡ್ಡವರ ಪೂರ್ತಿ ಟಿಕೆಟ್ ತೆಗೆದುಕೊಳ್ಳಬೇಕಿತ್ತು, 2022ರಲ್ಲಿ ಅದನ್ನು ಅರ್ಧ ಟಿಕೆಟ್ಟಿಗೆ ಇಳಿಸಿದರು. ಆದರೆ ಇದು ಸಾಮಾನ್ಯ ಕೆಂಪು ಬಸ್ಸಿಗೆ ಮಾತ್ರ. ರಾಜಹಂಸ, ಸ್ಲೀಪರ್, ಐರಾವತ ಇವುಗಳಿಗೆಲ್ಲ ಹತ್ತಿಸಿಕೊಳ್ಳುವುದಿಲ್ಲ.

ಟಿಕೆಟ್ ಮಾತ್ರ ಮರೆಯದೆ ಕೇಳಿ ತೆಗೆದುಕೊಳ್ಳಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಬಸ್ಸಿನ ಒಂದು ಟಿಕೆಟ್ ಎಲ್ಲರ ಫೋನಿಗೂ ಬಂದಿತ್ತಲ್ಲ? ಅಜ್ಜಿ, ಮೊಮ್ಮಗಳು ಶಕ್ತಿ ಯೋಜನೆಯಲ್ಲಿ ಫ್ರೀ. ಅವರ ಜೊತೆ ಪಂಜರದಲ್ಲಿದ್ದ ನಾಲ್ಕು ಲವ್‌ಬರ್ಡ್ಸ್‌ಗೆ ತಲಾ 111, ಒಟ್ಟು 444 ರೂಪಾಯಿ. ಜನ ನಕ್ಕರು, ಆದರೆ ಕಂಡಕ್ಟರ್ ನಿಯಮದ ಪ್ರಕಾರವೇ ಹರಿದಿದ್ದು.

ನನ್ನ ಅನುಭವ ದಾವಣಗೆರೆಯಿಂದ ಹರಿಹರ, ರಾಣೆಬೆನ್ನೂರು ಅಷ್ಟೇ. ನಮ್ಮದು ಸಣ್ಣ ನಾಯಿ, ಕಾಲ ಬಳಿ ಕೂತಿರುತ್ತೆ. ಬೆಂಗಳೂರಿಂದ ಶಿರಸಿಗೆ 400 ಕಿಲೋಮೀಟರ್ ಹತ್ತಿರ. ಕೆಂಪು ಬಸ್ಸಿನಲ್ಲಿ, ಡಿಸೆಂಬರ್ ರಶ್ಶಿನಲ್ಲಿ, 18 ಕೆಜಿ ನಾಯಿ ಕಾಲಡಿ ಇಟ್ಟುಕೊಂಡು? ನಾನಾದರೆ ಬೇಡ ಅಂತೀನಿ. ಪಕ್ಕದವರು ತಕರಾರು ತೆಗೆದರೆ ನಡು ದಾರಿಯಲ್ಲಿ ಇಳಿಯಬೇಕಾದವರು ನೀವು.

ಪಾರ್ಸಲ್ ಬಾಬು:

ಕರಿಯನ ಅಮ್ಮನವರೇ, ನಿಮ್ಮ ಮಾವ ಹೇಳಿದ್ದು ಅರ್ಧ ಸರಿ. ನಾಯಿಗೆ ದುಡ್ಡು ಕಟ್ಟಬೇಕು, ನಿಜ. ಆದರೆ ಅದು ಟಿಕೆಟ್ ಅಲ್ಲ, ಲಗೇಜ್. ರೈಲ್ವೆ ಲೆಕ್ಕದಲ್ಲಿ ಕರಿಯ ಪ್ರಯಾಣಿಕ ಅಲ್ಲ, ನಿಮ್ಮ ಸಾಮಾನು. ನಾನು ಪಾರ್ಸಲ್ ಆಫೀಸಿನಲ್ಲಿದ್ದವನು, ಈಗ ನಿವೃತ್ತ. ಬೈಕು, ಹೂವಿನ ಮೂಟೆ, ಮೀನಿನ ಪೆಟ್ಟಿಗೆ ಇವುಗಳ ಮಧ್ಯೆ ನಾಯಿಗಳೂ ನಮ್ಮ ಕೌಂಟರಿಗೆ ಬರುತ್ತಿದ್ದವು. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಆಗದೇ ಇರುವುದನ್ನು ಹೇಳಿಬಿಡುತ್ತೇನೆ. ಸ್ಲೀಪರ್, ಜನರಲ್, 3ಎ, 2ಎ, ಚೇರ್ ಕಾರ್, ಇವು ಯಾವುದರಲ್ಲೂ ನಾಯಿಗೆ ಜಾಗ ಇಲ್ಲ. ವಂದೇ ಭಾರತ್, ಜನಶತಾಬ್ದಿ ಕಡೆ ತಿರುಗಿಯೂ ನೋಡಬೇಡಿ. ಕದ್ದು ಮುಚ್ಚಿ ಕೂರಿಸಿಕೊಂಡು ಹೋಗೋಣ ಅಂತ ಯಾರಾದರೂ ಹೇಳಿದರೆ, ಬುಕ್ ಮಾಡದ ನಾಯಿ ಸಿಕ್ಕರೆ ಲಗೇಜ್ ದರದ ಆರು ಪಟ್ಟು ವಸೂಲಿ ಮಾಡುತ್ತಾರೆ. ಆಮೇಲೂ ನಾಯಿ ನಿಮ್ಮ ಬೋಗಿಯಲ್ಲಿ ಉಳಿಯುವುದಿಲ್ಲ.

ಉಳಿದಿದ್ದು ಎರಡೇ ದಾರಿ. ಒಂದು ಫಸ್ಟ್ ಎಸಿ ಕೂಪೆ. ಇನ್ನೊಂದು ಗಾರ್ಡ್ ಬೋಗಿಯ ಡಾಗ್ ಬಾಕ್ಸ್. (ಗಾರ್ಡ್ ಅನ್ನುವ ಹುದ್ದೆಗೆ 2022ರಿಂದ ಟ್ರೇನ್ ಮ್ಯಾನೇಜರ್ ಅನ್ನುತ್ತಾರೆ. ನನ್ನ ಬಾಯಿಗೆ ಇನ್ನೂ ಗಾರ್ಡ್ ಸಾಹೇಬರೇ.)

ಡಾಗ್ ಬಾಕ್ಸ್ ಬಗ್ಗೆ ಬಿಡಿಸಿ ಹೇಳಲೇಬೇಕು. ಯಾಕೆಂದರೆ ಕೌಂಟರಿಗೆ ಬರುವವರು "ನಾಯಿಗೆ ಪ್ರತ್ಯೇಕ ಜಾಗ ಇದೆಯಂತೆ" ಅಂತ ಖುಷಿಯಲ್ಲೇ ಬರುತ್ತಿದ್ದರು. ಅದು ಲಗೇಜ್ ಬೋಗಿಯಲ್ಲಿ ತಗಡಿನ ಒಂದು ಗೂಡು. ತಗ್ಗು ಚಾವಣಿ, ಕಂಬಿ ಬಾಗಿಲು, ಫ್ಯಾನಿಲ್ಲ, ದೀಪವಿಲ್ಲ. ಪಾರ್ಸಲ್ ಹತ್ತಿಸುವ, ಇಳಿಸುವ ಧಡಧಡ ಶಬ್ದ ಪಕ್ಕದಲ್ಲೇ. ಬೋಗಿ ಇರುವುದು ಗಾಡಿಯ ಆ ತುದಿ ಇಲ್ಲವೇ ಈ ತುದಿ. ನೀವು ಕೂತಿರುವುದು ಮಧ್ಯದಲ್ಲಿ. ನಾಯಿಗೆ ನೀರು, ಊಟ ಕೊಡುವ ಜವಾಬ್ದಾರಿ ಮಾಲೀಕರದ್ದು, ಅದಕ್ಕೆ ಗಾಡಿ ನಿಂತಾಗ ಓಡಬೇಕು. ಎರಡು ನಿಮಿಷ ನಿಲ್ಲುವ ಸ್ಟೇಷನ್ನಿನಲ್ಲಿ ಅರ್ಧ ಪ್ಲಾಟ್‌ಫಾರ್ಮ್ ಓಡಿ, ಬಟ್ಟಲು ಒಳಗಿಟ್ಟು, ವಾಪಸ್ ಓಡಿ ಹತ್ತುವುದು ಹುಡುಗರ ಕೈಲೂ ಆಗಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಡಾಗ್ ಬಾಕ್ಸಿನಲ್ಲಿ ಬಂದ ಜರ್ಮನ್ ಶೆಫರ್ಡ್ ಒಂದು ನನಗೆ ನೆನಪಿದೆ. ಬಾಗಿಲು ತೆಗೆದರೂ ಹೊರಗೆ ಬರಲಿಲ್ಲ. ಮೂಲೆಗೆ ಒತ್ತಿಕೊಂಡು, ತನ್ನ ಯಜಮಾನನಿಗೇ ಹಲ್ಲು ತೋರಿಸುತ್ತಿತ್ತು. ಆ ಮನುಷ್ಯ ಪ್ಲಾಟ್‌ಫಾರ್ಮಿನ ಮೇಲೆ ಕೂತು ಹೆಸರು ಹಿಡಿದು ಕರೆಯುತ್ತಲೇ ಇದ್ದ. ಇಳಿಸಿಕೊಳ್ಳಲು ಬಂದ ಹಮಾಲರೂ ಬೈಯದೆ ಸುಮ್ಮನೆ ನಿಂತರು. ನಿಯಮದಲ್ಲಿ ಅವಕಾಶ ಇದೆ, ಶುಲ್ಕವೂ ಕಡಿಮೆ. ನೀವು ಮಾತ್ರ ಆ ಕಡೆ ಹೋಗಬೇಡಿ.

ಇನ್ನು ಕೂಪೆ. ಫಸ್ಟ್ ಎಸಿಯಲ್ಲಿ ಎರಡು ಬರ್ತಿನ ಕೋಣೆಗೆ ಕೂಪೆ ಅಂತಾರೆ, ನಾಲ್ಕರದ್ದಕ್ಕೆ ಕ್ಯಾಬಿನ್. ಎರಡಕ್ಕೂ ಒಳಗಿನಿಂದ ಚಿಲಕ ಇರುವ ಬಾಗಿಲು. ನೀವಿಬ್ಬರು ಒಂದೇ ಪಿಎನ್‌ಆರ್‌ನಲ್ಲಿ ಎರಡು ಬರ್ತ್ ತೆಗೆದು, ಕೂಪೆ ಪೂರ್ತಿ ನಿಮ್ಮದಾದರೆ ಕರಿಯ ನಿಮ್ಮ ಕಾಲ ಬಳಿಯೇ ಮಲಗಬಹುದು. ಒಬ್ಬರೇ ಹೋಗುವವರು ಎರಡೂ ಬರ್ತಿನ ದುಡ್ಡು ಕೊಡಬೇಕಾಗುತ್ತದೆ.

ತೊಡಕು ಇರುವುದು ಇಲ್ಲಿ. ಟಿಕೆಟ್ ಬುಕ್ ಮಾಡುವಾಗ ಕೂಪೆಯೋ ಕ್ಯಾಬಿನ್ನೋ ಅಂತ ಖಚಿತ ಆಗುವುದಿಲ್ಲ. ಕನ್ಫರ್ಮ್ ಅಂತ ಮಾತ್ರ ತೋರಿಸುತ್ತದೆ. ಯಾವ ಕೋಣೆ ಅಂತ ಗೊತ್ತಾಗುವುದು ಚಾರ್ಟ್ ಆದಾಗ. ಮೊದಲು ಗಾಡಿ ಬಿಡುವ 4 ಗಂಟೆ ಮುಂಚೆ ಚಾರ್ಟ್ ಆಗುತ್ತಿತ್ತು. 2025ರಲ್ಲಿ ಅದನ್ನು 8 ಗಂಟೆಗೆ, ಆಮೇಲೆ ಇನ್ನೂ ಮುಂಚೆಗೆ ತಂದರು, ಅಷ್ಟು ಉಸಿರಾಡಲು ಸಮಯ ಸಿಕ್ಕಿದೆ. ಟಿಕೆಟ್ ಆದ ಕೂಡಲೇ ಡಿವಿಷನ್ನಿನ ಕಮರ್ಷಿಯಲ್ ಆಫೀಸಿಗೆ ಒಂದು ಅರ್ಜಿ ಕೊಡಿ. ಪಿಎನ್‌ಆರ್, ಗಾಡಿ ನಂಬರ್, ದಿನಾಂಕ, ಜೊತೆಗೆ ನಾಯಿ ಇದೆ, ಕೂಪೆ ಕೊಡಿ ಅಂತ ನಾಲ್ಕು ಸಾಲು. ಟಿಕೆಟ್ ಪ್ರತಿ, ಲಸಿಕೆ ಪುಸ್ತಕದ ಪ್ರತಿ ಹಚ್ಚಿ. ಹಿಂದಿನ ದಿನ ಒಮ್ಮೆ ನೆನಪಿಸಿ. ಅರ್ಜಿ ಕೊಟ್ಟ ಮಾತ್ರಕ್ಕೆ ಕೂಪೆ ಖಾತರಿ ಅಂತ ಅಲ್ಲ. ವಿಐಪಿ ಕೋಟಾ ಬಂತು ಅಂದರೆ ನಿಮ್ಮನ್ನು ನಾಲ್ಕರ ಕ್ಯಾಬಿನ್ನಿಗೆ ಹಾಕಬಹುದು. ಆಗ ಜೊತೆಯವರು ಒಪ್ಪಲೇಬೇಕು ಅಂತೇನೂ ಇಲ್ಲ. ಮೊದಲು ಹೂಂ ಅಂದು ಆಮೇಲೆ ಬೇಡ ಅಂದರೂ ನಾಯಿ ಗಾರ್ಡ್ ಬೋಗಿಗೆ ಹೋಗಬೇಕು, ಕಟ್ಟಿದ ದುಡ್ಡು ವಾಪಸ್ ಇಲ್ಲ.

ಕೂಪೆ ಸಿಕ್ಕಿತು ಅಂದುಕೊಳ್ಳಿ. ಆ ದಿನ ಒಂದೆರಡು ಗಂಟೆ ಮುಂಚೆಯೇ ಸ್ಟೇಷನ್ನಿಗೆ ಬನ್ನಿ, ನೇರ ಪಾರ್ಸಲ್ ಆಫೀಸಿಗೆ. ಟಿಕೆಟ್ಟಿನ ಪ್ರಿಂಟ್, ಗುರುತಿನ ಚೀಟಿ, ರೇಬೀಸ್ ಲಸಿಕೆ ಪುಸ್ತಕ, ಪಶುವೈದ್ಯರ ಫಿಟ್‌ನೆಸ್ ಪತ್ರ. ಪತ್ರ ಒಂದೆರಡು ದಿನದ ಒಳಗಿನದ್ದಾಗಿರಲಿ, ತಿಂಗಳ ಹಿಂದಿನದ್ದು ತಂದು ಜಗಳ ಆಡಬೇಡಿ. ಎಲ್ಲದಕ್ಕೂ ಜೆರಾಕ್ಸ್ ಇರಲಿ. ಜೆರಾಕ್ಸ್ ಅಂಗಡಿ ಹುಡುಕುವುದರಲ್ಲೇ ಗಾಡಿ ತಪ್ಪಿಸಿಕೊಂಡವರು ಇದ್ದಾರೆ. ನಾಯಿಯನ್ನು ತೂಕಕ್ಕೆ ಹಾಕುವುದಿಲ್ಲ. ಇಷ್ಟು ಕೆಜಿ ಲಗೇಜ್ ಅಂತ ನಿಯಮದಲ್ಲೇ ಲೆಕ್ಕ ಗೊತ್ತು ಮಾಡಿದೆ, ದೂರ ನೋಡಿ ದುಡ್ಡು. ನಿಮ್ಮ ಎಸಿ ಟಿಕೆಟ್ಟಿನ ಮುಂದೆ ಅದು ಏನೂ ಅಲ್ಲ. ರಸೀದಿ ಜೇಬಿನಲ್ಲಿರಲಿ, ಟಿಟಿಇ ಮೊದಲು ಕೇಳುವುದೇ ಅದು.

ಯಾವ ಗಾಡಿ? ನಿಮ್ಮ ಸೋದರತ್ತೆ ಮನೆಗೆ ಹತ್ತಿರದ ಸ್ಟೇಷನ್ ತಾಳಗುಪ್ಪ. ಆದರೆ ಹುಬ್ಬಳ್ಳಿಗೆ ರಾತ್ರಿ ಗಾಡಿಗಳು ಜಾಸ್ತಿ, ರಾಣಿ ಚೆನ್ನಮ್ಮ ಥರದವು. ಎರಡೂ ಕಡೆಯದ್ದು ನೋಡಿ, ಬುಕ್ಕಿಂಗಿನಲ್ಲಿ 1ಎ (ಫಸ್ಟ್ ಎಸಿ) ಅಂತ ತೋರಿಸುವ ಗಾಡಿಯನ್ನೇ ಆರಿಸಿ. ರಾತ್ರಿ ಗಾಡಿ ನಾಯಿಗೆ ಒಳ್ಳೆಯದು. ಸಂಜೆ ಬೇಗ ಊಟ, ಒಂದು ಉದ್ದ ವಾಕಿಂಗ್, ಆಮೇಲೆ ಗಾಡಿ ಹತ್ತಿದರೆ ಬೆಳಗಿನವರೆಗೆ ಹೆಚ್ಚಿನ ನಾಯಿಗಳು ತಡೆದುಕೊಳ್ಳುತ್ತವೆ. ಆದರೂ ಹಳೇ ಪೇಪರ್ ಕಟ್ಟು ಮತ್ತು ಪೀ ಪ್ಯಾಡ್ ಇಟ್ಟುಕೊಳ್ಳಿ. ಅರ್ಧ ರಾತ್ರಿಯಲ್ಲಿ ಅರಸೀಕೆರೆಯಲ್ಲೋ ಬೀರೂರಿನಲ್ಲೋ ಇಳಿಸುವ ಸಾಹಸ ಬೇಡ. ಪ್ಲಾಟ್‌ಫಾರ್ಮ್ ನಾಯಿಗಳು ಬಿಡುವುದಿಲ್ಲ, ಗಾಡಿಯೂ ಕಾಯುವುದಿಲ್ಲ.

ಬುಕ್ಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ, 2024ರ ನವೆಂಬರಿಗೆ ಮುಂಚೆ 120 ದಿನ ಇತ್ತು. ಫಸ್ಟ್ ಎಸಿ ಬರ್ತ್‌ಗಳೇ ಕೆಲವು. ಡಿಸೆಂಬರ್ ಕೊನೆ ವಾರ ಅಂದರೆ ತೆರೆದ ದಿನವೇ ಕೂತು ಮಾಡಿ.

ಕರಿಯನ ಅಮ್ಮ:

ಬಾಬು ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆ ಶೆಫರ್ಡ್ ಕಥೆ ಓದಿ ಗಂಡ ಡಾಗ್ ಬಾಕ್ಸ್ ಮಾತೇ ಎತ್ತಬೇಡ ಅಂದರು. ಎರಡು ಅನುಮಾನ. ಚಾರ್ಟ್‌ನಲ್ಲಿ ಕೂಪೆ ಬರದಿದ್ದರೆ ಆ ಹೊತ್ತಿನಲ್ಲಿ ನಾವೇನು ಮಾಡಬೇಕು? ಮತ್ತೆ ವಿಜಯನಗರದಿಂದ ಸ್ಟೇಷನ್ನಿಗೆ ಮೆಟ್ರೋದಲ್ಲಿ ಕರೆದುಕೊಂಡು ಹೋಗಬಹುದಾ?

ದಾವಣಗೆರೆ ಎಕ್ಸ್‌ಪ್ರೆಸ್:

ಮೆಟ್ರೋದಲ್ಲಿ ಸಾಕುಪ್ರಾಣಿ ಬಿಡಲ್ಲ. ಬೆಂಗಳೂರಿನಲ್ಲಿ 2024ರಿಂದ ಉಬರ್ ಪೆಟ್ ಇದೆ, ಮೊದಲೇ ಬುಕ್ ಮಾಡಿಟ್ಟುಕೊಳ್ಳಬೇಕು. ಇಲ್ಲಾಂದ್ರೆ ಗೊತ್ತಿರುವ ಆಟೋದವರಿಗೆ ಹಿಂದಿನ ದಿನವೇ ಹೇಳಿಡಿ. ಮೆಜೆಸ್ಟಿಕ್ ಎಷ್ಟು ದೂರ!

ಮುಲುಂಡ್ ಕನ್ನಡಿಗ:

ವಿಮಾನದ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಎರಡು ಮಾತು. ಇಂಡಿಗೋ ಸಾಕುನಾಯಿ ಒಯ್ಯುವುದಿಲ್ಲ, ಸೇವಾ ನಾಯಿಗೆ ಮಾತ್ರ ಅವಕಾಶ. ಏರ್ ಇಂಡಿಯಾ ಒಯ್ಯುತ್ತದೆ, ಆಕಾಶ ಏರ್ 2022ರ ನವೆಂಬರಿನಿಂದ ಒಯ್ಯುತ್ತಿದೆ. ಆದರೆ ಕ್ಯಾಬಿನ್ನಿನಲ್ಲಿ ನಿಮ್ಮ ಜೊತೆ ಕೂರುವುದು ಸಣ್ಣ ನಾಯಿ, ಅದೂ ಬ್ಯಾಗಿನೊಳಗೆ ಮಡಚಿಕೊಂಡು ಮಲಗುವಂಥದ್ದು. ಬ್ಯಾಗಿನ ತೂಕವೂ ಅದರಲ್ಲೇ ಸೇರುತ್ತದೆ. 18 ಕೆಜಿ ಅಂದರೆ ಗೂಡಿನಲ್ಲಿ ಹಾಕಿ ಕೆಳಗೆ ಕಾರ್ಗೋಗೆ. ನಾವು ಊರು ಬದಲಾಯಿಸಿದಾಗ ಬೇರೆ ದಾರಿ ಇಲ್ಲದೆ ಕಳಿಸಿದ್ದೆವು. ರಜೆಗೆ, ಒಂದು ಗಂಟೆಯ ಹಾರಾಟಕ್ಕೆ, ಅಷ್ಟೊಂದು ಕಾಗದಪತ್ರ, ಗೂಡಿಗೆ ಅಭ್ಯಾಸ ಮಾಡಿಸುವ ವಾರಗಳು... ಬೇಡ ರೀ. ಅದೂ ಅಲ್ಲದೆ ನೀವು ಮೊದಲು ಹೋಗಬೇಕಾದ್ದು ಶಿರಸಿ ಕಡೆ, ಗೋವಾ ಸುತ್ತುದಾರಿ.

ಪಗ್, ಬುಲ್‌ಡಾಗ್ ಥರ ಚಪ್ಪಟೆ ಮೂತಿಯ ನಾಯಿ ಇರುವವರು ಇದನ್ನು ಓದುತ್ತಿದ್ದರೆ, ಕಾರ್ಗೋ ಯೋಚನೆ ಬಿಟ್ಟೇಬಿಡಿ. ಅವಕ್ಕೆ ಸುಮ್ನೆ ಕೂತಾಗಲೇ ಉಸಿರು ಕಷ್ಟ.

ಪಾರ್ಸಲ್ ಬಾಬು:

ಕೂಪೆ ಬರದಿದ್ದರೆ ಏನು ಅಂತ ಕೇಳಿದಿರಿ. ಚಾರ್ಟ್ ಆದ ಮೇಲೆ ಕನ್ಫರ್ಮ್ ಟಿಕೆಟ್ ರದ್ದು ಮಾಡಿದರೆ ದುಡ್ಡು ಬರುವುದಿಲ್ಲ, ಅದನ್ನು ಮನಸ್ಸಿಗೆ ಹಾಕಿಕೊಂಡೇ ಬುಕ್ ಮಾಡಿ. ಬಾಡಿಗೆ ಕಾರು ಒಂದನ್ನು ಅದೇ ರಾತ್ರಿಗೋ ಮಾರನೇ ಬೆಳಗ್ಗೆಗೋ, ರದ್ದು ಮಾಡಿದರೆ ದುಡ್ಡು ಬರುವ ಥರ, ಕಾದಿರಿಸಿಡಿ. ಟಿಟಿಇ ಕೈಕಾಲು ಹಿಡಿದು ಗಾಡಿಯಲ್ಲೇ ಅದಲು ಬದಲು ಮಾಡಿಸಿಕೊಳ್ಳೋಣ ಅಂತ ಹೊರಡುವವರು ಇದ್ದಾರೆ. ಒಮ್ಮೊಮ್ಮೆ ಆಗುತ್ತದೆ. ಪಕ್ಕದ ಕೂಪೆಯಲ್ಲಿ ಹುಡುಗರಿದ್ದು, ನಾಯಿ ಇಷ್ಟಪಟ್ಟು ಜಾಗ ಬಿಟ್ಟುಕೊಟ್ಟಿದ್ದೂ ಉಂಟು. ಆಗದಿದ್ದರೆ ರಾತ್ರಿ 11 ಗಂಟೆಗೆ ನಿಮ್ಮ ಮುಂದೆ ಉಳಿಯುವುದು ಆ ತಗಡಿನ ಗೂಡು ಒಂದೇ. ಆದ್ದರಿಂದ ಕೂಪೆ ಅಂತ ಚಾರ್ಟ್‌ನಲ್ಲಿ ಕಾಣುವವರೆಗೆ ಕರಿಯನನ್ನು ಮನೆಯಿಂದ ಹೊರಡಿಸಬೇಡಿ.

ಒಂದು ಮಾತು ಕೇಳಲಾ? ನಾನು ಜೀವನವಿಡೀ ರೈಲ್ವೆ ಅನ್ನ ತಿಂದವನು. ಆದರೂ ನಿಮ್ಮ ಈ ಪ್ರಯಾಣಕ್ಕೆ ಕಾರೇ ಮೇಲು ಅನ್ನಿಸುತ್ತಿದೆ. ಯಾಕೆ ಅಂತ ಹೇಳುತ್ತೇನೆ. ನಿಮ್ಮ ಹೆದರಿಕೆ ಇರುವುದು ತಿರುವಿಗೆ, ಅಲ್ವಾ? ಬೆಂಗಳೂರಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ ತನಕ ನೇರ ಹೆದ್ದಾರಿ. ಹಾವೇರಿಯಿಂದ ಶಿರಸಿಗೂ ಘಾಟಿ ಇಲ್ಲ, ಬಯಲು ಮುಗಿದು ನಿಧಾನಕ್ಕೆ ಕಾಡು ಬರುತ್ತದೆ ಅಷ್ಟೇ. ಹುಬ್ಬಳ್ಳಿಯಲ್ಲಿ ಇಳಿದರೂ ಮುಂಡಗೋಡದ ಮೇಲೆ ಶಿರಸಿಗೆ ಸುಮಾರು 100 ಕಿಲೋಮೀಟರ್ ಕಾರಿನಲ್ಲೇ ಹೋಗಬೇಕು. ನಿಜವಾದ ಘಾಟಿ ಬರುವುದು ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ, ದೇವಿಮನೆ ಹತ್ತಿರ. ಅದನ್ನು ರೈಲೂ ತಪ್ಪಿಸುವುದಿಲ್ಲ! ಅಂದರೆ ರೈಲಿನಿಂದ ನಿಮಗೆ ಉಳಿಯುವುದು ಹೆದ್ದಾರಿಯ ಭಾಗ ಮಾತ್ರ, ಅದರಲ್ಲಿ ಕರಿಯನಿಗೆ ತೊಂದರೆಯೇ ಇಲ್ಲ. ಬರೀ ಹುಬ್ಬಳ್ಳಿ, ಬೆಳಗಾವಿಗೆ ಹೋಗಿ ಬರುವವರಾಗಿದ್ದರೆ ಕೂಪೆ ಹಿಡಿಯಿರಿ ಅಂತಿದ್ದೆ.

ಬೆಳಗಿನ ಜಾವ ಹೊರಡಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಬಾಗಿಲು ತೆಗೆಯುವ ಮೊದಲು ಬೆಲ್ಟ್ ಕೈಗೆ ಸುತ್ತಿಕೊಳ್ಳಿ. ಹೆದ್ದಾರಿ ಪಕ್ಕ ತಪ್ಪಿಸಿಕೊಂಡ ನಾಯಿ ಸಿಗುವುದು ಕಷ್ಟ. ಕೊರಳಲ್ಲಿ ಫೋನ್ ನಂಬರಿನ ಬಿಲ್ಲೆ ಇರಲಿ. ಊಟಕ್ಕೆ ನಿಂತಾಗ ಒಬ್ಬರು ಕಾರಿನ ಹೊರಗೆ ನಾಯಿ ಜೊತೆ ಇರಿ, ಸರದಿ ಮೇಲೆ ತಿನ್ನಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತು ನಿಮಿಷದಲ್ಲೇ ಸುಮಾರು 10 ಡಿಗ್ರಿ ಸೆಕೆ ಏರುತ್ತದೆ. ಗಾಜು ಒಂದು ಬೆರಳು ಇಳಿಸಿಟ್ಟರೆ ಏನೂ ಪ್ರಯೋಜನ ಇಲ್ಲ.

ಹಳ್ಳಿ ಪಶುವೈದ್ಯೆ:

ವಾಂತಿ ಬಗ್ಗೆ. ಹೊರಡುವ ನಾಲ್ಕೈದು ಗಂಟೆ ಮುಂಚೆ ಊಟ ಮುಗಿಸಿ, ನೀರು ಸ್ವಲ್ಪ ಸ್ವಲ್ಪ ಕೊಡುತ್ತಿರಿ. ಪ್ರಯಾಣದ ವಾಂತಿಗೆ ನಾಯಿಗಳಿಗೆಂದೇ ಮಾತ್ರೆ ಇದೆ, ಮಾರೊಪಿಟೆಂಟ್ ಅಂತ. ತೂಕ ನೋಡಿ ನಿಮ್ಮ ಡಾಕ್ಟರ್ ಬರೆದುಕೊಡುತ್ತಾರೆ. ದೇವಿಮನೆ ಇಳಿಯುವ ದಿನಕ್ಕೆ ಅದನ್ನು ಇಟ್ಟುಕೊಳ್ಳಿ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಮುರಿದು ಕೊಡಬೇಡಿ.

ನಿದ್ದೆ ಮಾತ್ರೆ ಕೇಳಿಕೊಂಡು ನಮ್ಮ ಹತ್ತಿರ ಬರುವವರು ಬಹಳ. ಮಂಪರು ಬಂದ ನಾಯಿಗೆ ತಿರುವಿನಲ್ಲಿ ತನ್ನ ಮೈ ಹಿಡಿದುಕೊಳ್ಳಲು ಆಗುವುದಿಲ್ಲ, ಸೆಕೆಯಾದರೆ ಮೈ ತಣಿಸಿಕೊಳ್ಳುವುದೂ ಕಷ್ಟ. ಅದರ ಬದಲು ಈಗಿನಿಂದಲೇ ಭಾನುವಾರಗಳಲ್ಲಿ ಕಾರಿನಲ್ಲಿ ಸ್ವಲ್ಪ ಸ್ವಲ್ಪ ದೂರ ಸುತ್ತಿಸಿ. ಕೊನೆಗೆ ಒಂದು ಪಾರ್ಕು ಸಿಗಲಿ, ಆಸ್ಪತ್ರೆ ಅಲ್ಲ. ಎಷ್ಟೋ ನಾಯಿಗಳು ಕಾರು ಹತ್ತುವುದೇ ಇಂಜೆಕ್ಷನ್ನಿಗೆ, ಜೊಲ್ಲು ಸುರಿಸದೆ ಏನು ಮಾಡುತ್ತವೆ?

ಇನ್ನೊಂದು. ನೀವು ಹೋಗುತ್ತಿರುವುದು ಅಡಿಕೆ ಮನೆಗೆ. ಕರಿಯ ಏನು ಸಿಕ್ಕರೂ ಕಡಿಯುವವನಾ? ಅಡಿಕೆಯಲ್ಲಿ ಅರೆಕೊಲಿನ್ ಅಂತ ಒಂದು ಅಂಶ ಇದೆ. ಹಿಂದಿನ ಕಾಲದಲ್ಲಿ ನಾಯಿಗಳ ಲಾಡಿಹುಳ ಬೀಳಿಸಲು ಅದನ್ನೇ ಔಷಧಿಯಾಗಿ ಬಳಸುತ್ತಿದ್ದರು. ಹುಳ ಬೀಳುತ್ತಿತ್ತು, ಜೊತೆಗೆ ನಾಯಿಗೆ ವಾಂತಿ, ಭೇದಿ, ಜೊಲ್ಲು. ಹಸಿ ಅಡಿಕೆ ಕಚ್ಚಲು ಬಿಡಬೇಡಿ. ಇಲಿಜ್ವರದ ಲಸಿಕೆ ವರ್ಷ ವರ್ಷ ಆಗಿದೆಯಾ ಅಂತಲೂ ಪುಸ್ತಕ ನೋಡಿ. ತೋಟದ ನಿಂತ ನೀರು ಕುಡಿಯುತ್ತಾನೆ, ತಡೆಯಲು ಆಗುವುದಿಲ್ಲ.

ಶಿರಸಿ ಕಡೆಯವ:

ಎಲ್ಲರೂ ದಾರಿ ಬಗ್ಗೆಯೇ ಹೇಳಿದರು. ನಾನು ತಲುಪಿದ ಮೇಲಿನದು ಹೇಳುತ್ತೇನೆ.

ಡಿಸೆಂಬರ್ ಅಂದರೆ ನಮ್ಮಲ್ಲಿ ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ಕಾಲ. ಅಂಗಳದ ತುಂಬಾ ಅಡಿಕೆ, ಒಂದು ಮೂಲೆಯಲ್ಲಿ ಬೇಯಿಸುವ ಹಂಡೆ, ರಾತ್ರಿ ಹತ್ತರವರೆಗೂ ಸುಲಿಯುವ ಜನ. ನಿಮ್ಮ ನಾಯಿ ಒಣಗಲು ಹರವಿದ್ದರ ಮೇಲೆ ಓಡಿದರೆ ಸೋದರತ್ತೆ ಏನೂ ಅನ್ನಲಿಕ್ಕಿಲ್ಲ, ಆದರೆ ಮುಖ ಹೇಳುತ್ತದೆ. ಮೊದಲೇ ಫೋನ್ ಮಾಡಿ ಕೇಳಿ: ನಾಯಿ ಒಳಗೆ ಮಲಗಬಹುದಾ? ಮಡಿ ಮನೆಗಳಲ್ಲಿ ಅಡುಗೆಮನೆ, ದೇವರ ಕೋಣೆ ಕಡೆ ಬಿಡುವುದಿಲ್ಲ, ಅದು ಸರಿಯೇ. ಜಗಲಿ ಪಕ್ಕದ ಕೋಣೆ ಕೊಟ್ಟರೆ ಸಾಕು. ಮನೆಯ ನಾಯಿ ಇದೆಯಾ, ಅದನ್ನು ಬಿಟ್ಟಿರುತ್ತಾರಾ ಅಂತಲೂ ಕೇಳಿ. ಎರಡನ್ನೂ ಅಂಗಳದಲ್ಲಿ ಎದುರೆದುರು ಬಿಡಬೇಡಿ. ಗೇಟಿನ ಹೊರಗೆ, ರಸ್ತೆಯಲ್ಲಿ ಜೊತೆಗೆ ಸ್ವಲ್ಪ ನಡೆಸಿ ಆಮೇಲೆ ಒಳಗೆ ತನ್ನಿ. ಕೊಟ್ಟಿಗೆಗೆ ಹೋಗಿ ಕರುವಿಗೆ ಬೊಗಳಿದರೆ ಹಸು ಕೋಡು ಬೀಸುತ್ತದೆ, ಜೋಪಾನ.

ರಾತ್ರಿ ಹೊರಗೆ ಕಟ್ಟಲೇಬೇಡಿ. ನಮ್ಮ ಕಡೆ ಚಿರತೆ ಅಂಗಳಕ್ಕೆ ಬರುವುದೇ ನಾಯಿಗೆ. ಊರಿನ ನಾಯಿಗೆ ವಾಸನೆ ಸಿಕ್ಕಿದ ಕೂಡಲೇ ಮಂಚದಡಿ ನುಗ್ಗುವ ಬುದ್ಧಿ ಇರುತ್ತದೆ, ವಿಜಯನಗರದವನು ಎದುರು ಹೋಗಿ ಬೊಗಳಿಯಾನು. ಕೊನೆಯ ಸಲ ಮೂತ್ರಕ್ಕೆ ಬಿಡುವಾಗಲೂ ಟಾರ್ಚು, ಬೆಲ್ಟ್ ಎರಡೂ ಇರಲಿ.

ಎಲ್ಲಕ್ಕಿಂತ ಮುಖ್ಯ, ಉಣುಗು (ಉಣ್ಣೆ). ಅದು ಕಚ್ಚಿದರೆ ಮನುಷ್ಯರಿಗೆ ಮಂಗನ ಕಾಯಿಲೆ ಬರಬಹುದು. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಇಲ್ಲೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರದ ಕಡೆ ಈಚಿನ ವರ್ಷಗಳಲ್ಲೂ ಕೇಸು ಬಂದಿವೆ. ಮಳೆ ನಿಂತು ಚಳಿ ಶುರುವಾದ ಮೇಲೆ ಬೇಸಿಗೆ ಮುಗಿಯುವವರೆಗೆ ಅದರ ಕಾಲ, ನೀವು ಬರುವುದು ಸರಿಯಾಗಿ ಆಗಲೇ. ನಾಯಿ ಕಾಡಿಗೆ ನುಗ್ಗಿ ಮೈಗೆ ಉಣುಗು ಹತ್ತಿಸಿಕೊಂಡು ಬಂದರೆ ಅದು ನೀವು ಮಲಗುವ ಕೋಣೆಗೆ ಬರುತ್ತದೆ. ಬರುವ ಕೆಲವು ದಿನ ಮುಂಚೆ ಉಣುಗಿನ ಔಷಧಿ ಹಾಕಿಸಿ. ತೋಟದ ದಾರಿ ಬಿಟ್ಟು ದರಕಿನ (ಉದುರಿದ ಒಣ ಎಲೆ) ಮೇಲೆ, ಬೆಟ್ಟದ ಕಡೆ ಕರೆದುಕೊಂಡು ಹೋಗಬೇಡಿ. ಮಂಗ ಸತ್ತು ಬಿದ್ದ ಸುದ್ದಿ ಇದೆಯಾ ಅಂತ ಸೋದರತ್ತೆಯವರನ್ನು ಕೇಳಿ, ಇದ್ದರೆ ಆ ಕಡೆ ಹೋಗಲೇಬೇಡಿ. ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳ ಪಟ್ಟಿಯ ಕೆಳಗೆ ಬೆರಳಾಡಿಸಿ ನೋಡಿ. ಬರಿಗೈಯಲ್ಲಿ ಜಜ್ಜಬೇಡಿ, ಚಿಮುಟದಿಂದ ತೆಗೆಯಿರಿ. ಉಣುಗು ಕಚ್ಚದಿರಲಿ ಅಂತ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆಯನ್ನು ನಿಮ್ಮ ಕೈಕಾಲಿಗೆ ಹಚ್ಚಿಕೊಳ್ಳಿ, ನಾಯಿಗೆ ಮಾತ್ರ ಹಚ್ಚಬೇಡಿ, ಅದು ನೆಕ್ಕುತ್ತದೆ.

ದೇವಿಮನೆ ರಸ್ತೆಯಲ್ಲಿ ಅಗಲ ಮಾಡುವ ಕೆಲಸ ಬಹಳ ಕಾಲದಿಂದ ನಡೆದಿದೆ. ಹೊರಡುವ ಹಿಂದಿನ ದಿನ ತೆರೆದಿದೆಯಾ ಅಂತ ಶಿರಸಿಯಲ್ಲಿ ಯಾರನ್ನಾದರೂ ಕೇಳಿ. ಮುಚ್ಚಿದ್ದರೆ ಸಿದ್ದಾಪುರದಿಂದ ಮಾವಿನಗುಂಡಿ, ಗೇರುಸೊಪ್ಪೆ ಮೇಲೆ ಹೊನ್ನಾವರಕ್ಕೆ ಇಳಿಯಬಹುದು. ತಿರುವು ಅಲ್ಲಿಯೂ ಇದೆ, ಮಾತ್ರೆ ಯಾವ ಕಡೆಯಾದರೂ ಬೇಕು.

ಗೋಕರ್ಣದಲ್ಲಿ ದೇವಸ್ಥಾನದ ರಥಬೀದಿ ಕಡೆ ನಾಯಿ ತರಬೇಡಿ, ಜನವೂ ದನವೂ ಜಾಸ್ತಿ. ಬೀಚಿಗೆ ಬೆಳಗ್ಗೆ ಬೇಗ ಹೋಗಿ. ಕುಡ್ಲೆ, ಓಂ ಬೀಚ್ ಎರಡರಲ್ಲೂ ಅಲ್ಲಿನದೇ ನಾಯಿಗಳ ಗುಂಪು ಇರುತ್ತದೆ. ಬೆಳಗ್ಗೆ ಅವು ಸೋಮಾರಿಯಾಗಿ ಮಲಗಿರುತ್ತವೆ, ಸಂಜೆ ಗಡಿ ಕಾಯಲು ಎದ್ದು ನಿಲ್ಲುತ್ತವೆ. ಕುಡಿಯುವ ನೀರು ಜೊತೆಗೇ ಇರಲಿ. ಉಪ್ಪು ನೀರು ಕುಡಿದರೆ ರಾತ್ರಿಯೆಲ್ಲ ಭೇದಿ, ಆ ರೂಮಿನ ಸ್ಥಿತಿ ಊಹಿಸಿಕೊಳ್ಳಿ.

ಕರಿಯನ ಅಮ್ಮ:

ಅಬ್ಬಾ, ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಗಂಡನ ಜೊತೆ ಕೂತು ಪೂರ್ತಿ ಓದಿದೆವು. ಕಾರು ಅಂತ ಆಯ್ತು. ಹೋಗುವಾಗ ಹಾವೇರಿ ಮೇಲೆ. ಸೋದರತ್ತೆಗೆ ಫೋನ್ ಮಾಡಿದ್ದೂ ಆಯ್ತು. ಜಗಲಿ ಪಕ್ಕದ ಕೋಣೆ ಕೊಡುತ್ತಾರಂತೆ, ಆದರೆ ಅವರ ಮನೆ ನಾಯಿ ಬಿಟ್ಟೇ ಇರುತ್ತದಂತೆ. "ನಮ್ಮದು ಏನೂ ಮಾಡಲ್ಲ" ಅಂದರು. ನಾಯಿ ಸಾಕಿದವರೆಲ್ಲ ಹೇಳುವ ಮಾತು, ನಾನೂ ಹೇಳುತ್ತೇನೆ! ರಸ್ತೆಯಲ್ಲಿ ನಡೆಸಿಯೇ ಒಳಗೆ ತರುತ್ತೇವೆ.

ಮಾವನಿಗೆ ಕೂಪೆ ವಿಷಯ ಓದಿ ಹೇಳಿದೆ. ಅವರಿಗೆ ಬೇಜಾರು, ಮೊದಲ ಸಲ ಫಸ್ಟ್ ಎಸಿ ನೋಡುವ ಆಸೆ ಇತ್ತಂತೆ, ತಾವೂ ಬರುವ ಲೆಕ್ಕದಲ್ಲಿದ್ದರು. ಬಾಬು ಸರ್, ಮೂರು ಜನ ಮತ್ತು ನಾಯಿ ಆದರೆ ಕ್ಯಾಬಿನ್ನಿಗೆ ನಾಲ್ಕನೇ ಬರ್ತ್ ದುಡ್ಡೂ ನಾವೇ ಕೊಡಬೇಕಾ?

ಪಾರ್ಸಲ್ ಬಾಬು:

ಹೌದು, ನಾಲ್ಕೂ ನಿಮ್ಮದಾದರೆ ಮಾತ್ರ ಕ್ಯಾಬಿನ್ ನಿಮ್ಮದು. ನಾಲ್ಕನೆಯದಕ್ಕೆ ಅತ್ತೆಯವರನ್ನೇ ಕರೆದುಕೊಂಡು ಹೋಗಿ, ದುಡ್ಡು ದಂಡ ಆಗುವುದಿಲ್ಲ. ಆದರೆ ಆ ಪ್ರಯಾಣ ಬೆಳಗಾವಿಗೋ ಹುಬ್ಬಳ್ಳಿಗೋ ಇಟ್ಟುಕೊಳ್ಳಿ, ಅಡಿಕೆ ಸೀಸನ್ ಮುಗಿದ ಮೇಲೆ. ಬೇಸಿಗೆ ರಜೆಗೆ ಮುಂಚೆ, ಫೆಬ್ರವರಿಯಲ್ಲಿ ಫಸ್ಟ್ ಎಸಿ ಸ್ವಲ್ಪ ಸಲೀಸು. ವಾಪಸ್ ಬರುವ ದಿನಕ್ಕೆ ಹೊಸ ಫಿಟ್‌ನೆಸ್ ಪತ್ರ ಬೇಕಾಗುತ್ತದೆ, ಅಲ್ಲಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಬೆಳಗ್ಗೆಯೇ ಹೋಗಿ ಮಾಡಿಸಿಕೊಳ್ಳಿ. ಭಾನುವಾರ ವಾಪಸ್ ಹೊರಡುವುದಾದರೆ ಶನಿವಾರವೇ.